ಪ್ರಶ್ನೆಯಿಂದ ಹುಟ್ಟಲಿ ಪ್ರಧಾನ ವಿಷಯ

ಚಾಮರಾಜನಗರ ವಿಶ್ವವಿದ್ಯಾನಿಲಯದ ಮಾನ್ಯ ಕುಲಪತಿಗಳ ಸನ್ನಿಧಿಗೆ, ಗುಂಡ್ಲುಪೇಟೆಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದು, 2023ರಲ್ಲಿ ಸ್ವಂತ ಹೆಸರಿನಿಂದ ನಿಂತ ತಮ್ಮ ವಿಶ್ವವಿದ್ಯಾನಿಲಯವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂಬ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲಿಯೇ ಎದ್ದಾಗ ಈ ಗಡಿಸೀಮೆಯ ತಂದೆತಾಯಿಗಳು ಪಟ್ಟ ಕಳವಳವನ್ನು ತಾವು ಬಲ್ಲಿರಿ. ಅದು ಉಳಿಯಬೇಕು, ಬೆಳೆಯಬೇಕು ಎಂದು ಹಾರೈಸುವವರಲ್ಲಿ ನಾನೂ ಒಬ್ಬನು. ಬಹುಕಾಲ ಈ ತಾಲ್ಲೂಕಿನ ಮಕ್ಕಳಿಗೆ ಪಾಠ ಹೇಳಿದವನು. ಆ ಅಕ್ಕರೆಯ ಸಲಿಗೆಯಿಂದ ಒಂದು ವಿಷಯವನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಕಾಲೇಜಿನ ಗೋಡೆಗಳ ಹೊರಗೆ ಕಲಿತದ್ದನ್ನೂ ಪದವಿಯ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂಬ ತತ್ತ್ವವನ್ನು ನಮ್ಮ ದೇಶದ ಉನ್ನತ ಶಿಕ್ಷಣವು ಈಗ ಅಂಗೀಕರಿಸಿದೆ. 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಅಂತರ್ಜಾಲ ಪಾಠಮಾಲೆಯಿಂದ ಒಂದು ಸೆಮಿಸ್ಟರಿನ ಪಠ್ಯಗಳಲ್ಲಿ ಶೇಕಡ 40ರವರೆಗೆ ಪಡೆಯಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರಲ್ಲಿ ನಿಯಮ ಮಾಡಿತು. ಅದೇ ವರ್ಷ, ಹೀಗೆ ಸಂಪಾದಿಸಿದ ಕ್ರೆಡಿಟ್ಟುಗಳನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಕೂಡಿಡುವ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಸ್ಥಾಪಿತವಾಯಿತು. ಮೈಸೂರಿನಲ್ಲಿ 1996ರಿಂದ ಮುಕ್ತ ವಿಶ್ವವಿದ್ಯಾನಿಲಯವೂ ಇದೆ. ಓದನ್ನು ನಡುವೆ ಬಿಟ್ಟವರಿಗೆ, ಹೊಲಮನೆಯ ದುಡಿಮೆಯನ್ನು ತೊರೆದು ಬರಲಾರದವರಿಗೆ, ಇವೆಲ್ಲವೂ ತೆರೆದ ಬಾಗಿಲುಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಬಾಗಿಲುಗಳಿಂದ ಒಳಬಂದ ವಿದ್ಯಾರ್ಥಿಯು, ತಾನು ಅಲ್ಲಿ ಇಲ್ಲಿ ಗಳಿಸಿದ್ದನ್ನೆಲ್ಲ ಮುಂದಿಟ್ಟುಕೊಂಡು, ಇವುಗಳಲ್ಲಿ ಯಾವುದನ್ನು ತನ್ನ ಬಿ.ಎ. ಪದವಿಯ ಪ್ರಧಾನ ವಿಷಯವಾಗಿ ಆರಿಸಿಕೊಳ್ಳಬೇಕೆಂದು ಕೇಳಿದಾಗ ಉತ್ತರ ಹೇಳುವವರು ನಮ್ಮಲ್ಲಿ ವಿರಳರು.

ತೆರಕಣಾಂಬಿ ಕಡೆಯ ಒಬ್ಬ ಹೆಣ್ಣುಮಗಳ ವಿಷಯವನ್ನು ಇಲ್ಲಿ ಹೇಳಬೇಕು. ಮೂರು ಸೆಮಿಸ್ಟರು ಓದಿ, ಮದುವೆಯಾಗಿ, ಓದನ್ನು ನಿಲ್ಲಿಸಿದವಳು. ಆಮೇಲೆ ಮಗುವನ್ನು ಮಲಗಿಸಿದ ಮೇಲೆ ಮೊಬೈಲಿನಲ್ಲಿ ಪಾಠ ಕೇಳಿ, ಪರೀಕ್ಷೆಗೆಂದು ಮೈಸೂರಿನವರೆಗೆ ಬಸ್ಸಿನಲ್ಲಿ ಹೋಗಿಬಂದು, ನಾಲ್ಕು ಪಠ್ಯಗಳನ್ನು ಮುಗಿಸಿದ್ದಾಳೆ. ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟಿದ್ದ ತನ್ನ ಕ್ರೆಡಿಟ್ಟುಗಳ ಹಾಳೆಯನ್ನು ಅವಳು ಬಿಡಿಸಿ ತೋರಿಸಿದಾಗ, ಅದರಲ್ಲಿ ಕಾಲೇಜಿನಲ್ಲಿ ಕಲಿತ ಇತಿಹಾಸ ಮತ್ತು ಸಮಾಜಶಾಸ್ತ್ರಗಳ ಕೆಳಗೆ ಗ್ರಾಮೀಣ ಅರ್ಥಶಾಸ್ತ್ರ ಒಂದು, ಪರಿಸರ ಅಧ್ಯಯನ ಒಂದು, ಮನಶ್ಶಾಸ್ತ್ರ ಎರಡು ಎಂದು ಅಚ್ಚಾಗಿತ್ತು. ಅವಳು ವಿಚಾರಿಸಿದ ಕಡೆಯಲ್ಲಿ ಹೇಳಿದರಂತೆ: ಹೊರಗಿನಿಂದ ತಂದದ್ದರಲ್ಲಿ ಮನಶ್ಶಾಸ್ತ್ರದ ಕ್ರೆಡಿಟ್ಟೇ ಹೆಚ್ಚು, ಅದನ್ನೇ ಮುಖ್ಯವಾಗಿಟ್ಟುಕೊಂಡರೆ ಬೇಗ ಮುಗಿಯುತ್ತದೆ. ಆ ಉತ್ತರ ಅವಳಿಗೆ ಹಿಡಿಸಲಿಲ್ಲ. ಅವಳ ಮನೆಯವರು ತಮ್ಮ ಜಮೀನನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟು, ಅದೇ ಜಮೀನಿನಲ್ಲಿ ದಿನಗೂಲಿಗೆ ಹೋಗುವವರು. “ನಮ್ಮ ಹೊಲ್ದೊಳಗ ನಾವೇ ಕೂಲಿ ಮಾಡ್ತೀವಲ್ಲ ಸಾ, ಅದ್ಯಾಕ ಅಂತ ಓದಕ್ಕ ಯಾವ ಸಬ್ಜೆಕ್ಟು ತಕ್ಕಬೇಕು?” ಎಂದು ಅವಳು ನನ್ನನ್ನು ಕೇಳಿದಳು.

ಮಾನ್ಯರೇ, ಮಾನವಿಕ ವಿದ್ಯೆಗಳ ಪದವಿಯನ್ನು ಬಯಸುವ ವಿದ್ಯಾರ್ಥಿಯೊಬ್ಬಳಿಂದ ಇದಕ್ಕಿಂತ ಯೋಗ್ಯವಾದ ಪ್ರಶ್ನೆಯನ್ನು ಯಾವ ವಿಶ್ವವಿದ್ಯಾನಿಲಯ ತಾನೇ ನಿರೀಕ್ಷಿಸಬಲ್ಲದು? ಒಂದೇ ಮಣ್ಣಿನಲ್ಲಿ ವರ್ಷ ವರ್ಷವೂ ಬೆಳೆದರೆ ಗೆಡ್ಡೆ ಕೊಳೆಯುವ ರೋಗಕ್ಕೆ ತುತ್ತಾಗುವ ಶುಂಠಿಯು ಹೊಸ ಹೊಸ ನೆಲವನ್ನು ಅರಸುತ್ತ ವಯನಾಡಿನ ಕೃಷಿಕರನ್ನು ನಮ್ಮ ತಾಲ್ಲೂಕಿನವರೆಗೆ ಕರೆತಂದದ್ದು ಪರಿಸರದ ಮಾತಾಯಿತು. ಮಳೆಯನ್ನೇ ನಂಬಿದ ಸಣ್ಣ ಹಿಡುವಳಿದಾರನಿಗೆ ಸಾಗುವಳಿಯ ಅನಿಶ್ಚಯಕ್ಕಿಂತ ಗುತ್ತಿಗೆಯ ನಗದು ಹಿತವಾಗಿ ಕಾಣುವುದು ಅರ್ಥಶಾಸ್ತ್ರದ ಮಾತಾಯಿತು. ಕೂಲಿಯ ಸಾಲಿನಲ್ಲಿ ಹೆಂಗಸರೇ ಹೆಚ್ಚಾಗಿ ನಿಲ್ಲುವುದು ಸಮಾಜಶಾಸ್ತ್ರಕ್ಕೆ ಸೇರಿತು. ಆ ಜಮೀನು ಆ ಮನೆತನಕ್ಕೆ ಎಂದು, ಯಾವ ಕಾನೂನಿನಿಂದ ಬಂದಿತೆಂಬುದು ಇತಿಹಾಸಕ್ಕೆ ಸೇರಿತು. ಅವಳ ಹಾಳೆಯಲ್ಲಿ ಚದರಿಹೋದಂತೆ ಕಂಡ ಪಠ್ಯಗಳಲ್ಲಿ ಬಹುಪಾಲು ಈ ಒಂದೇ ಪ್ರಶ್ನೆಯ ಸುತ್ತ ನೆರೆದಿದ್ದವು. ಹೊರಗುಳಿದದ್ದು, ಅವಳಿಗೆ ಪ್ರಧಾನವೆಂದು ಸೂಚಿಸಲ್ಪಟ್ಟ ಮನಶ್ಶಾಸ್ತ್ರವೊಂದೇ. ಕೂಡಿದ ಮೊತ್ತವನ್ನು ನೋಡಿ ಪ್ರಧಾನ ವಿಷಯವನ್ನು ಗೊತ್ತುಮಾಡುವ ಪದ್ಧತಿಯು ಎಷ್ಟು ಅನರ್ಥಕಾರಿಯಾದುದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಿಯಮವೂ ಈ ಪದ್ಧತಿಗೆ ಒತ್ತಾಸೆಯಾಗಿಲ್ಲ. ಪದವಿಯನ್ನು ಕೊಡುವ ಸಂಸ್ಥೆಯಲ್ಲಿಯೇ ಅರ್ಧದಷ್ಟು ಕ್ರೆಡಿಟ್ಟುಗಳನ್ನಾದರೂ ಗಳಿಸಿರಬೇಕೆಂದು ಕ್ರೆಡಿಟ್ ಬ್ಯಾಂಕಿನ ನಿಬಂಧನೆ ವಿಧಿಸಿರುವಾಗ, ಹೊರಗಿನಿಂದ ತಂದದ್ದು ಎಷ್ಟೇ ಇರಲಿ, ಅಧ್ಯಯನದ ಬೆನ್ನೆಲುಬು ತಮ್ಮ ಕಾಲೇಜುಗಳ ತರಗತಿಗಳಲ್ಲಿಯೇ ರೂಪುಗೊಳ್ಳಬೇಕಾಗುತ್ತದೆ. ಆದ್ದರಿಂದ ಆರಿಸಿಕೊಳ್ಳುವವನು ಮೊದಲು ನೋಡಬೇಕಾದದ್ದು, ತನ್ನ ಪ್ರಶ್ನೆಗೆ ಸಲ್ಲುವ ಯಾವ ವಿಷಯವನ್ನು ಬಲ್ಲ ಅಧ್ಯಾಪಕರು ತನಗೆ ಸಮೀಪದಲ್ಲಿ ದೊರೆಯುವರು ಎಂಬುದನ್ನು. ಹೊರಗಿನ ಪಠ್ಯಗಳು ಅದಕ್ಕೆ ಪೋಷಕವಾಗಿ ಬಂದರೆ ಸಾಕು. ಇದನ್ನು ಹೊಸದಾಗಿ ಸೇರುವ ಹುಡುಗನಿಗೆ ಮೊದಲ ದಿನವೇ ಯಾರಾದರೂ ಕುಳ್ಳಿರಿಸಿ ಹೇಳಿದರೆ, ಸುಲಭವೆಂದು ಯಾವುದೋ ಪಠ್ಯಕ್ಕೆ ಹೆಸರು ಬರೆಸಿ ಮೂರು ವರ್ಷದ ಕೊನೆಯಲ್ಲಿ ಪರಿತಪಿಸುವ ಸ್ಥಿತಿ ಬರಲಾರದು.

ಪರದೇಶಗಳಲ್ಲಿ ಈ ತೊಡಕನ್ನು ಬಹುಹಿಂದೆಯೇ ಎದುರಿಸಿದವರಿದ್ದಾರೆ. ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದಲ್ಲಿ 1971ರಲ್ಲಿ, ಉದ್ಯೋಗದಲ್ಲಿರುವ ವಯಸ್ಕರನ್ನು ಮುಖ್ಯವಾಗಿ ಉದ್ದೇಶಿಸಿ ಆರಂಭವಾಗಿ ಈಗ ವಿಶ್ವವಿದ್ಯಾನಿಲಯವೆನಿಸಿರುವ ಎಂಪೈರ್ ಸ್ಟೇಟ್ ಕಾಲೇಜಿನಲ್ಲಿ, ವಿದ್ಯಾರ್ಥಿಯು ಒಬ್ಬ ಮಾರ್ಗದರ್ಶಿಯೊಡನೆ ಕುಳಿತು ತನ್ನ ಪದವಿಯ ಯೋಜನೆಯನ್ನು ತಾನೇ ರಚಿಸುತ್ತಾನೆ. ಹಿಂದೆ ಗಳಿಸಿದ್ದು ಯಾವುದು, ಮುಂದೆ ಕಲಿಯಬೇಕಾದದ್ದು ಯಾವುದು, ಇವೆರಡನ್ನೂ ಹೆಣೆಯುವ ಉದ್ದೇಶವೇನು ಎಂಬುದನ್ನು ವಿವರಿಸುವ ಒಂದು ಪ್ರಬಂಧವನ್ನು ಬರೆದು ಒಪ್ಪಿಸುತ್ತಾನೆ. ಆ ಏರ್ಪಾಡಿನಲ್ಲಿ ನನಗೆ ಬಹು ಹಿತವಾಗಿ ಕಂಡದ್ದು ಆ ಪ್ರಬಂಧವೇ. ಅದನ್ನು ಬರೆಯುವ ಶ್ರಮದಲ್ಲಿ ವಿದ್ಯಾರ್ಥಿಗೆ ತನ್ನ ಅಭಿರುಚಿಯ ನಿಜಸ್ವರೂಪ ಗೋಚರವಾಗುತ್ತದೆ. ಓದಿನೋಡುವ ಅಧ್ಯಾಪಕರಿಗೂ, ಇವನು ಅಂಕಗಳನ್ನು ಒಟ್ಟುಗೂಡಿಸಲು ಬಂದವನೋ ವಿದ್ಯೆಯನ್ನು ಅರಸಿ ಬಂದವನೋ ಎಂಬುದು ತಿಳಿಯುತ್ತದೆ.

ಕಾಲೇಜಿನ ಹೊರಗಿನ ಕಲಿಕೆಯೆಂದರೆ, ಅಂತರ್ಜಾಲ ಪಾಠಗಳಲ್ಲದೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಪತ್ತಿದೆ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯ ನಾದದೊಡನೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಕಾವ್ಯವನ್ನು ಕಂಠದಲ್ಲಿಯೇ ಕಾಪಾಡಿಕೊಂಡು ಬಂದ ನೀಲಗಾರರು, ಬಿಳಿಗಿರಿರಂಗನ ಬೆಟ್ಟದ ಮರಬಳ್ಳಿಗಳನ್ನು ಹೆಸರು ಹಿಡಿದು ಗುರುತಿಸುವ ಸೋಲಿಗರು, ಇವರ ಮನೆಗಳ ಮಕ್ಕಳು ಇಂದು ತಮ್ಮ ಕಾಲೇಜುಗಳಿಗೆ ಬರುತ್ತಿದ್ದಾರೆ. ಅನುಭವದಿಂದ ಬಂದ ಕಲಿಕೆಯನ್ನೂ ಪರೀಕ್ಷಿಸಿ ಗಣನೆಗೆ ತೆಗೆದುಕೊಳ್ಳಬಹುದೆಂದು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೇಳಿರುವಾಗ, ತಂದೆಯ ಜತೆಗೆ ಹಾಡಿ ಬೆಳೆದ ಹುಡುಗನು ಜಾನಪದವನ್ನು ಪ್ರಧಾನ ವಿಷಯವಾಗಿ ಆರಿಸಿಕೊಂಡರೆ ಅವನ ಕಂಠಸ್ಥ ವಿದ್ಯೆಗೆ ಕ್ರೆಡಿಟ್ಟು ಏತಕ್ಕೆ ಸಲ್ಲಬಾರದು? ಪರೀಕ್ಷೆ ಕಠಿಣವಾಗಿಯೇ ಇರಲಿ. ತಾನು ಹಾಡುವುದನ್ನು ಅವನು ಬರೆದುಕೊಡಲಿ, ಪಾಠಾಂತರಗಳನ್ನು ಹೋಲಿಸಲಿ, ಆ ಸಂಪ್ರದಾಯದ ಹಿರಿಯ ಗಾಯಕರೊಬ್ಬರೂ ಪರೀಕ್ಷಕರ ಪೀಠದಲ್ಲಿ ಕುಳಿತುಕೊಳ್ಳಲಿ. ಕನಿಕರದಿಂದ ಕೊಟ್ಟ ಕ್ರೆಡಿಟ್ಟು ಆ ಮಕ್ಕಳಿಗೆ ಮಾಡುವ ಅವಮಾನವೆಂದೇ ನಾನು ಭಾವಿಸುತ್ತೇನೆ.

2021-22ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂದು, 2024-25ರಲ್ಲಿ ಪುನಃ ಮೂರು ವರ್ಷದ ಕ್ರಮಕ್ಕೆ ರಾಜ್ಯವು ಮರಳಿದ್ದರಿಂದ, ನಡುವೆ ಸೇರಿ ನಡುವೆ ಬಿಟ್ಟವರ ಗೊಂದಲ ಇಮ್ಮಡಿಯಾಗಿದೆ. ಹೊರಗಿನ ಯಾವ ಪಠ್ಯವು ಇಲ್ಲಿನ ಯಾವುದಕ್ಕೆ ಸಮಾನ, ಯಾವುದು ಪ್ರಧಾನ ವಿಷಯಕ್ಕೆ ಸಲ್ಲುತ್ತದೆ, ಯಾವುದು ಐಚ್ಛಿಕವಾಗಿ ಮಾತ್ರ ಸಲ್ಲುತ್ತದೆ ಎಂಬುದನ್ನು ಅಧ್ಯಯನ ಮಂಡಳಿಗಳಿಂದ ನಿಶ್ಚಯಿಸಿ, ವಿದ್ಯಾರ್ಥಿಗಳು ಹೆಸರು ಬರೆಸುವ ಮೊದಲೇ ತಿಳಿಗನ್ನಡದಲ್ಲಿ ಪ್ರಕಟಿಸಬೇಕೆಂದೂ, ಗುಂಡ್ಲುಪೇಟೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾರಕ್ಕೊಂದು ದಿನವಾದರೂ ಇದನ್ನು ಬಲ್ಲ ಅಧ್ಯಾಪಕರೊಬ್ಬರು ವಿಚಾರಿಸಲು ಬಂದವರಿಗೆ ಸಿಗುವಂತೆ ಮಾಡಬೇಕೆಂದೂ, ಎರಡು ಪುಟಗಳ ಅಧ್ಯಯನ ಯೋಜನೆಯನ್ನು ಕನ್ನಡದಲ್ಲಿಯೇ ಬರೆದೊಪ್ಪಿಸಿ ಬಹುವಿಷಯಕ ಅಧ್ಯಯನವೊಂದನ್ನು ಪ್ರಧಾನವಾಗಿ ಆರಿಸಿಕೊಳ್ಳಲು ಅವಕಾಶ ಕೊಡಬೇಕೆಂದೂ ನನ್ನ ಪ್ರಾರ್ಥನೆ.

ಕ್ರೆಡಿಟ್ ಬ್ಯಾಂಕಿನಲ್ಲಿ ಇಟ್ಟದ್ದಕ್ಕೆ ಗರಿಷ್ಠ 7 ವರ್ಷಗಳ ಆಯುಸ್ಸು. ಆ ಬ್ಯಾಂಕಿನ ಮೊದಮೊದಲ ವರ್ಷಗಳಲ್ಲಿ ಸೇರಿ, ಸಂಸಾರದ ಕಾರಣದಿಂದ ಓದು ನಿಲ್ಲಿಸಿದ ನಮ್ಮ ಹೆಣ್ಣುಮಕ್ಕಳು ಗಳಿಸಿದ್ದು 2029ರ ಸುಮಾರಿಗೆ ಲೆಕ್ಕದಿಂದ ಹೊರಬೀಳತೊಡಗುವುದು. ಆ ಕಾರಣದಿಂದ, ಈ ಬಿನ್ನಹವನ್ನು ತಾವು ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಯಲ್ಲಿಯೇ ಮಂಡಿಸಿ, ಬರುವ ಪ್ರವೇಶಾವಧಿಗೆ ಮೊದಲು ಒಂದು ನಿರ್ಣಯಕ್ಕೆ ಬರಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಗುಂಡ್ಲುಪೇಟೆಯ ಒಬ್ಬ ನಿವೃತ್ತ ಅಧ್ಯಾಪಕ