ಮನೆಮಗಳ ಸಂಬಳ

ಶರಾವತಿಯ ದಂಡೆಯಲ್ಲಿ, ಹೊನ್ನಾವರದಿಂದ ತುಸು ಒಳಗೆ, ಪರಿಚಿತರೊಬ್ಬರ ತೋಟದ ಮನೆಗೆ ಕಳೆದ ಮಳೆಗಾಲದಲ್ಲಿ ಹೋಗಿದ್ದೆ. ಎಂಬತ್ತು ದಾಟಿದ ಅವರ ತಾಯಿ ಒಳಕೋಣೆಯಿಂದ "ಆಸರಿಗೆ, ಆಸರಿಗೆ" ಎಂದು ಕರೆಯುತ್ತಿದ್ದರು. ಆರೈಕೆಗೆಂದು ಘಟ್ಟದ ಮೇಲಿನಿಂದ ಬಂದಿದ್ದ ಹುಡುಗಿ, ಅಜ್ಜಿಗೆ ಆಸರೆ ಬೇಕಾಗಿದೆ ಎಂದು ತಿಳಿದು, ತೋಳು ಹಿಡಿದು ಎಬ್ಬಿಸಿ ಕೂರಿಸಿದಳು. ಮುದುಕಿ ಬೇಡಿದ್ದು ಕುಡಿಯುವುದಕ್ಕೆ ನೀರು.

ಹುಡುಗಿಯದೇನೂ ತಪ್ಪಲ್ಲ. ಅವಳನ್ನು ಅಷ್ಟು ದೂರದಿಂದ ಕರೆಸಿಕೊಳ್ಳಬೇಕಾಗಿ ಬಂದದ್ದೇಕೆ ಎಂಬುದೇ ವಿಚಾರಾರ್ಹ. ಭಟ್ಕಳದ ನವಾಯತ ಮನೆತನಗಳ ಗಂಡಸರು ಕೊಲ್ಲಿ ದೇಶಗಳಿಗೆ ಹೋಗತೊಡಗಿ ತಲೆಮಾರುಗಳೇ ಕಳೆದವು. ಹೊನ್ನಾವರ, ಕುಮಟೆಗಳ ಅಡಕೆ ತೋಟಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅದಕ್ಕೂ ಆಚೆ ಇದ್ದಾರೆ. 2011ರ ಜನಗಣತಿಯ ವೇಳೆಗೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಅರವತ್ತು ದಾಟಿದವರಿದ್ದರು. ಅವಿಭಕ್ತ ಕುಟುಂಬ ಹೋಯಿತೆಂದು ನಾವು ಹಲುಬುತ್ತೇವೆ. ಆ ಕುಟುಂಬದಲ್ಲಿ ವೃದ್ಧರ ಮಲಮೂತ್ರ ಬಳಿದವಳು ಸೊಸೆ. ಅವಳಿಗೆ ಸಂಬಳವಿರಲಿಲ್ಲ, ರಜೆಯೂ ಇರಲಿಲ್ಲ. ಆ ಸೊಸೆಯ ಮಗಳು ಇಂದು ಉದ್ಯೋಗಸ್ಥೆ. ಅವಳು ಊರಿಗೆ ಮರಳಲಿ ಎನ್ನುವ ಧೈರ್ಯ ನನಗಿಲ್ಲ. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಲ್ಲದು. ನಡುರಾತ್ರಿ ಎರಡು ಗಂಟೆಗೆ ಅವರನ್ನು ಮಗ್ಗುಲು ಹೊರಳಿಸುವ ಕೈಯನ್ನು ಕೊಡಿಸಲಾರದು.

ಆ ಕೈಗೆ ನಾವಿಟ್ಟ ಹೆಸರು 'ಹೋಮ್ ನರ್ಸ್'. ಹೆಸರು ದೊಡ್ಡದು, ಆದರೆ ತಪ್ಪು. ಸೂಜಿಮದ್ದು ಕೊಡುವುದು, ಮೂತ್ರದ ನಳಿಕೆ ಹಾಕುವುದು ನರ್ಸಿನ ಕೆಲಸ. ಆರೈಕೆಗಾರ್ತಿ ಅದಕ್ಕೆ ಕೈಹಾಕಬಾರದು. ಅವಳ ವಿದ್ಯೆ ಬೇರೆ. ಹಾಸಿಗೆಹುಣ್ಣು ಏಳದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ನುಂಗಲು ಕಷ್ಟಪಡುವವರಿಗೆ ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸನಾಳಕ್ಕೆ ಇಳಿದೀತು. ನೆಟ್ಟಗೆ ಕೂರಿಸಿ ಚಮಚ ಚಮಚವಾಗಿ ಉಣಿಸಬೇಕು. ಮರೆವಿನ ರೋಗದವರು ಸಂಜೆಯಾದೊಡನೆ "ಮನೆಗೆ ಹೋಗಬೇಕು" ಎಂದು ತಮ್ಮ ಮನೆಯಲ್ಲೇ ಕುಳಿತು ಹಟಹಿಡಿದಾಗ ವಾದಿಸದೆ ಮಾತು ಬೇರೆಡೆಗೆ ತಿರುಗಿಸಬೇಕು. ಬಾಯಿ ಸೊಟ್ಟಗಾದುದನ್ನು, ಒಂದು ತೋಳು ಏಳದುದನ್ನು ಕಂಡ ಕ್ಷಣವೇ ಪಾರ್ಶ್ವವಾಯುವೆಂದು ಗುರುತಿಸಬೇಕು. ನಮ್ಮ ಕಡೆ ಇದು ಪ್ರಾಣದ ಮಾತು. ದೊಡ್ಡ ಚಿಕಿತ್ಸೆಗೆ ನಾವು ಉಡುಪಿ, ಮಣಿಪಾಲಗಳ ದಾರಿ ಹಿಡಿಯುವವರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ, ರೋಗಿಯೂ ಸೇರಿ ನಾಲ್ವರು ತೀರಿಕೊಂಡುದನ್ನು ಈ ಕರಾವಳಿ ಮರೆತಿಲ್ಲ.

ಇದನ್ನೆಲ್ಲ ಕಲಿಸಲು ವ್ಯವಸ್ಥೆಯೇ ಇಲ್ಲವೆಂದಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಂಥ ತರಬೇತಿಗಳು ಸೇರಿದವು. ನಮ್ಮ ಕಾಲೇಜುಗಳಿಂದ ಹೊರಬಂದ ಹುಡುಗಿಗೆ (ಹುಡುಗನಿಗೂ ಏಕಾಗಬಾರದು? ಭಾರದ ಮುದುಕರನ್ನು ಎತ್ತುವವರು ಬೇಕು) ಇದೊಂದು ವೃತ್ತಿಯಾದರೆ, ಅವಳಲ್ಲಿ ಹೊರಗಿನವರಿಗಿಲ್ಲದ ಇನ್ನೊಂದು ಬಂಡವಾಳವಿದೆ: ಭಾಷೆ. ಮರೆವು ಕವಿದಾಗ ಆಮೇಲೆ ಕಲಿತ ನುಡಿ ಮೊದಲು ಜಾರಿ, ಎಳವೆಯ ನುಡಿ ಉಳಿಯುವುದು ಎಷ್ಟೋ ಸಲ ಕಂಡುಬರುತ್ತದೆ. ಹವಿಗನ್ನಡವೋ ಕೊಂಕಣಿಯೋ ನವಾಯತಿಯೋ, ಆ ಕೊನೆಯ ನುಡಿಯನ್ನು ಬಲ್ಲವಳು ಪಕ್ಕದ ಊರಿನವಳೇ.

ಆದರೂ ಅವಳು ಇಲ್ಲಿ ನಿಲ್ಲುವುದಿಲ್ಲ. ಮಂಗಳೂರಿಗೋ ಗೋವೆಗೋ ಹೋಗುತ್ತಾಳೆ. ಇಸ್ರೇಲಿನೊಡನೆ 2023ರಲ್ಲಿ ಭಾರತ ಮಾಡಿಕೊಂಡ ಒಪ್ಪಂದದ 42,000 ಕೆಲಸಗಳಲ್ಲಿ 8,000 ಆರೈಕೆಯವೇ. ಇಲ್ಲಿ ನಾವು ಕೊಡುವುದು ಒಂದು ಸವಿಮಾತು: "ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ." ಈ ಮಾತನ್ನು ನಾನೂ ಆಡಿದ್ದೇನೆ, ಅದಕ್ಕೇ ಅದರ ಒಳಮರ್ಮ ಬಲ್ಲೆ. ಮಗಳಿಗೆ ವಾರದ ರಜೆಯಿಲ್ಲ. ಮಗಳು ತಾಸು ಎಣಿಸುವುದಿಲ್ಲ. ಮಗಳು ಪಾತ್ರೆಯನ್ನೂ ತೊಳೆದಾಳು, ಕೊಟ್ಟಿಗೆಯನ್ನೂ ಬಳಿದಾಳು. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿತು. ಮನೆಗೆಲಸದವರ ಹಕ್ಕುಗಳ ಬಗ್ಗೆ 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತಂದ ಒಡಂಬಡಿಕೆಗೆ ಭಾರತ ಮತ ನೀಡಿತು, ಅನುಮೋದನೆ ಮಾತ್ರ ನೀಡಲಿಲ್ಲ. ಹೊಸಿಲು ದಾಟಿ ಒಳಗೆ ಬರಲು ಕಾನೂನಿಗೂ ಸಂಕೋಚವೇನೋ!

ಹೊರಡುವಾಗ ಆ ಗೃಹಸ್ಥರು, "ನಮ್ಮ ಕಡೆಯದೇ ಒಬ್ಬ ಹುಡುಗಿ ಇದ್ದರೆ ಹೇಳಿ, ಮನೆಮಗಳ ಹಾಗೆ..." ಎಂದು ಆರಂಭಿಸಿದರು. ಕುಮಟೆಯಲ್ಲಿ ತರಬೇತಿಯಾದವಳೊಬ್ಬಳು ನನಗೆ ಗೊತ್ತಿದ್ದಳು. ರಾತ್ರಿ ಎದ್ದವಳು ಹಗಲು ಎಷ್ಟು ತಾಸು ಮಲಗಬಹುದು, ವಾರದ ರಜೆ ಯಾವ ದಿನ, ಆ ದಿನ ಅಮ್ಮನ ಬಳಿ ಯಾರಿರುತ್ತಾರೆ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಅಂಗಳದ ಮಳೆಯನ್ನು ನೋಡಿ, ಬೆಂಗಳೂರಿನ ತಮ್ಮನನ್ನು ಕೇಳಿ ಹೇಳುವೆನೆಂದರು.