ಮಗುವಿನ ಕೈಗೆ ಎಟುಕುವ ಬಾಟಲಿ

ದೇವದುರ್ಗ ತಾಲ್ಲೂಕಿನಲ್ಲಿ ಸೇವೆಯಲ್ಲಿದ್ದಾಗ ಮಸರಕಲ್ ಸುತ್ತಿನ ಊರುಗಳಿಗೆ ಹೋದಾಗಲೆಲ್ಲ ನನ್ನ ಕಣ್ಣಿಗೆ ಬೀಳುತ್ತಿದ್ದುದು ಮನೆಗಳ ಗೋಡೆಗೂಡು. ಕನ್ನಡಿ, ಹಣಿಗೆಗಳ ಪಕ್ಕದಲ್ಲೇ ಸೀಮೆಎಣ್ಣೆಯ ಸೀಸೆ, ಹತ್ತಿಗೆ ಹೊಡೆದು ಉಳಿದ ಔಷಧ. ಎಲ್ಲವೂ ಯಾವುದೋ ಹಳೆಯ ಬಾಟಲಿಯಲ್ಲಿ, ಯಾವುದಕ್ಕೂ ಚೀಟಿಯಿಲ್ಲ. 2020ರಲ್ಲಿ ಕೋವಿಡ್ ಜೊತೆಗೆ ಸ್ಯಾನಿಟೈಸರ್ ಕೂಡ ಇಂಥ ಮನೆಗಳನ್ನು ಹೊಕ್ಕಿತು. ನಗರದ ನಮ್ಮ ಮನೆಗಳ ಸ್ಥಿತಿ ಇದಕ್ಕಿಂತ ಉತ್ತಮವೇನಲ್ಲ. ಗೂಡಿನ ಬದಲು ಟೀಪಾಯಿ ಇದೆ, ಅಷ್ಟೆ.

ಅದೇನು ಮಹಾ ವಿಷವೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಿಸಿದ ಸ್ಯಾನಿಟೈಸರಿನಲ್ಲಿ ಎಥೆನಾಲ್ ಆದರೆ ಶೇ 80, ಐಸೊಪ್ರೊಪೈಲ್ ಆಲ್ಕೋಹಾಲ್ ಆದರೆ ಶೇ 75 ಇರುತ್ತದೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಇರುವುದು ಶೇ 42.8. ಕೈಗೆ ಹಚ್ಚಿದ್ದನ್ನು ಮಗು ಒಮ್ಮೆ ನೆಕ್ಕಿದರೆ ಗಾಬರಿಪಡಬೇಕಿಲ್ಲ. ಆದರೆ ಹತ್ತು ಕಿಲೊ ತೂಕದ ಮಗು ಎರಡು ಮೂರು ಟೀ ಚಮಚದಷ್ಟು ಕುಡಿದರೂ ವಾಂತಿ, ತೂರಾಟ, ತೂಕಡಿಕೆ ಕಾಣಿಸಿಕೊಳ್ಳಬಹುದು. ಪ್ರಮಾಣ ಹೆಚ್ಚಿದರೆ ಉಸಿರಾಟ ನಿಧಾನವಾಗುತ್ತದೆ, ಮೈ ತಣ್ಣಗಾಗುತ್ತದೆ, ರಕ್ತದಲ್ಲಿನ ಸಕ್ಕರೆ ಅಂಶ ಕುಸಿಯಬಹುದು. ಮಗು ನಿದ್ದೆಹೋಗಿದೆಯೆಂದು ಮನೆಯವರು ಸುಮ್ಮನಿದ್ದುಬಿಡುವ ಅಪಾಯ ಇರುವುದು ಇಲ್ಲಿಯೇ. ಮೆಥೆನಾಲ್ ಬೆರೆತ ಕಳಪೆ ಮಾಲಾದರಂತೂ ಕಣ್ಣಿಗೂ ಜೀವಕ್ಕೂ ಕುತ್ತು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡ ಕಳ್ಳಭಟ್ಟಿಯಲ್ಲಿದ್ದುದೂ ಅದೇ ಮೆಥೆನಾಲ್.

ಕುಡಿದರಷ್ಟೇ ಅಪಾಯವೆಂದೂ ಇಲ್ಲ. ಜ್ವರ ಬಂದ ಮಗುವಿನ ಮೈಗೆ ಸ್ಪಿರಿಟ್ ಒರೆಸುವ ರೂಢಿ ಹಿಂದೆ ಅನೇಕ ಮನೆಗಳಲ್ಲಿತ್ತು. ಕಂಪೌಂಡರೊಬ್ಬರ ಮಾತು ಕೇಳಿ ನನ್ನ ಹಿರಿಯ ಮಗನಿಗೆ ನಾವೂ ಹಾಗೆ ಮಾಡಿದ್ದೆವು. ಚರ್ಮ ಮತ್ತು ಉಸಿರಿನ ಮೂಲಕ ಅದು ಒಳಸೇರಿ ಮಕ್ಕಳು ಪ್ರಜ್ಞೆ ತಪ್ಪಿದ ನಿದರ್ಶನಗಳು ವೈದ್ಯಕೀಯ ದಾಖಲೆಗಳಲ್ಲಿವೆ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಎಂ.ಎ. ಓದಿ ಕಡತಗಳಿಗೆ ಸಹಿ ಹಾಕುತ್ತಿದ್ದವನ ಮನೆಯ ಕಥೆ ಇದು. ಆದ್ದರಿಂದ ಹಳ್ಳಿಯ ತಾಯಂದಿರ 'ಅಜ್ಞಾನ'ದ ಬಗ್ಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ.

2021ರ ಜನವರಿ 31ರಂದು ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಹನ್ನೆರಡು ಮಕ್ಕಳಿಗೆ ಪೋಲಿಯೊ ಹನಿಯ ಬದಲು ಸ್ಯಾನಿಟೈಸರ್ ಹನಿ ಹಾಕಲಾಯಿತು. ಮಕ್ಕಳು ಆಸ್ಪತ್ರೆ ಸೇರಿ ಚೇತರಿಸಿಕೊಂಡರು. ಸಿಬ್ಬಂದಿಯ ಅಮಾನತಿನ ಮಾತು ಬೇಗನೆ ಹೊರಟಿತು. ಆಡಳಿತದ ಒಳಗಿದ್ದವನಾಗಿ ಈ ಕ್ರಮವನ್ನು ನಾನು ಚೆನ್ನಾಗಿ ಬಲ್ಲೆ: ಮೊದಲು ತಪ್ಪಿತಸ್ಥನನ್ನು ಗುರುತಿಸುವುದು, ಕಡತ ಮುಚ್ಚುವುದು. ತರಬೇತಿ ಪಡೆದವರ ಕೈಯಲ್ಲೇ ಎರಡು ಬಾಟಲಿಗಳು ಅದಲುಬದಲಾಗುವುದಾದರೆ ಬಾಟಲಿಯ ಬಗ್ಗೆಯೂ ಪ್ರಶ್ನೆ ಏಳಬೇಕಲ್ಲವೇ?

ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಸ್ಯಾನಿಟೈಸರ್ ಮಾರಾಟಕ್ಕೆ ಔಷಧ ಮಾರಾಟದ ಪರವಾನಗಿ ಬೇಕಿಲ್ಲವೆಂದು ವಿನಾಯಿತಿ ನೀಡಿತು. ತುರ್ತಿನಲ್ಲಿ ಪೂರೈಕೆ ಹೆಚ್ಚಿಸಲು ಅದು ಸರಿಯಾದ ಕ್ರಮವೇ. ಆದರೆ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳ ಕಡ್ಡಾಯವೆಂಬ ಷರತ್ತನ್ನೂ ಜೊತೆಗೆ ಹಾಕಬಹುದಿತ್ತು. ಅಮೆರಿಕದಲ್ಲಿ ಇಂಥ ಮುಚ್ಚಳಗಳಿಗಾಗಿಯೇ 1970ರಲ್ಲಿ ಕಾನೂನು ಬಂತು. ದಕ್ಷಿಣ ಆಫ್ರಿಕಾದ ಒಂದು ಪ್ರದೇಶದಲ್ಲಿ ಸೀಮೆಎಣ್ಣೆ ಬಳಸುವ ಬಡ ಮನೆಗಳಿಗೆ ಸುರಕ್ಷಿತ ಮುಚ್ಚಳದ ಡಬ್ಬಿ ಹಂಚಿದಾಗ ಮಕ್ಕಳು ಅದನ್ನು ಕುಡಿಯುವ ಪ್ರಕರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಮುಚ್ಚಳದಲ್ಲಿ ತಯಾರಕ ಉಳಿಸುವ ಅಲ್ಪ ಹಣದ ಬೆಲೆಯನ್ನು ಕಟ್ಟುವವರು ಮಗು, ಕುಟುಂಬ ಮತ್ತು ಸರ್ಕಾರಿ ಆಸ್ಪತ್ರೆ. ಇದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಕಚೇರಿ, ಶಾಲೆಗಳಿಗೆ ಐದು ಲೀಟರಿನ ಕ್ಯಾನ್ ತರಿಸಿ ಕುಡಿಯುವ ನೀರಿನ ಖಾಲಿ ಬಾಟಲಿಗಳಿಗೆ ಸುರಿದಿಡುವ ಪದ್ಧತಿಯನ್ನು ನಿಲ್ಲಿಸಲು ಕಾನೂನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಅಷ್ಟರವರೆಗೆ ಮನೆಯವರು ತಿಳಿದಿರಬೇಕಾದದ್ದು ಸ್ವಲ್ಪವೇ. ಮಗು ಕುಡಿದಿದೆಯೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಮಂಪರಿನಲ್ಲಿರುವ ಮಗುವಿನ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಮಸರಕಲ್ಲಿನಿಂದ ರಾಯಚೂರಿನ ರಿಮ್ಸ್ ತಲುಪುವುದು ನಿಮಿಷಗಳ ಮಾತಲ್ಲ, ಆದ್ದರಿಂದ ಮಗು ಎಚ್ಚರವಾಗಿದೆಯಲ್ಲ ಎಂದು ಕಾಯುತ್ತ ಕೂರಬಾರದು. ಹೊರಡುವಾಗ ಆ ಬಾಟಲಿಯನ್ನೂ ಕೊಂಡೊಯ್ಯಬೇಕು. ಒಳಗಿರುವುದು ಎಥೆನಾಲೋ ಐಸೊಪ್ರೊಪೈಲೋ ಮೆಥೆನಾಲೋ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ. ಚೀಟಿಯಿಲ್ಲದ ಬಾಟಲಿಯಾದರೆ ವೈದ್ಯರು ಊಹೆಯ ಮೇಲೆಯೇ ಆರಂಭಿಸಬೇಕಾಗುತ್ತದೆ.