ಮೋಡಿ ಓದುವವರಿಗೆ ಕೆಲಸವುಂಟೆ?

ಬಿ.ಎ. ಮುಗಿಯುತ್ತ ಬಂದಿತೆಂದರೆ 'ಮುಂದೇನು?' ಎಂಬ ಪ್ರಶ್ನೆ ಬೆನ್ನು ಹತ್ತುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಯವರು ಬಲ್ಲ ಉತ್ತರ ಒಂದೇ: ಸರಕಾರಿ ನೌಕರಿ. ಅದು ಬೇಡವೆನ್ನುವಷ್ಟು ಅನುಕೂಲಸ್ಥರು ನಾವಲ್ಲ. ಆದರೆ ಎಲ್ಲರೂ ಒಂದೇ ಬಾಗಿಲಲ್ಲಿ ನೂಕಾಡುವಾಗ, ಕೆಲವರೇ ಬಲ್ಲ ವಿದ್ಯೆಯೊಂದನ್ನು ಕಲಿತು ಸ್ವತಂತ್ರವಾಗಿ ದುಡಿಯಬಾರದೇಕೆ? ನನ್ನ ಮನಸ್ಸಿನಲ್ಲಿರುವುದು ಮೋಡಿ ಲಿಪಿ.

ವಿಜಾಪುರ ೧೭೬೦ರಲ್ಲಿ ಪೇಶ್ವೆಯರಿಗೆ, ೧೮೧೮ರ ತರುವಾಯ ಸಾತಾರೆಯ ರಾಜರಿಗೆ, ೧೮೪೮ರಲ್ಲಿ ಇಂಗ್ಲಿಷರಿಗೆ ಸೇರಿತು. ಮರಾಠಿ ದಫ್ತರಗಳ ಲಿಪಿ ಆಗ ಮೋಡಿ. ತಿಕೋಟಾ, ಬಬಲೇಶ್ವರಗಳ ಕಡೆಯ ಹಳೆಯ ಮನೆತನಗಳ ಪೆಟ್ಟಿಗೆಯಲ್ಲಿ ಇನಾಮಿನದೋ ವಾಟ್ಣಿಯದೋ ಮೋಡಿ ಕಾಗದ ಸಿಕ್ಕರೆ ಆಶ್ಚರ್ಯವಿಲ್ಲ. ಅದನ್ನು ಓದಲು ಒಡೆಯನಿಗೇ ಬಾರದು.

ಇಂಥ ವಿದ್ಯೆಗೆ ಬೆಲೆ ಬರುವುದು ಅಕಸ್ಮಾತ್ತಾಗಿ. ೨೦೨೩ರಲ್ಲಿ ಮಹಾರಾಷ್ಟ್ರ ಸರಕಾರವು ಕುಣಬಿ ದಾಖಲೆಗಳ ಶೋಧಕ್ಕೆ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯನ್ನು ನೇಮಿಸಿದಾಗ ಮೋಡಿ ಬಲ್ಲವರನ್ನು ಹುಡುಕಬೇಕಾಯಿತು. ಗಣಕಯಂತ್ರದ ಭಾಷೆಗಳದೂ ಇದೇ ಕಥೆ. ಕೋಬಾಲ್ ಭಾಷೆ ರೂಪುಗೊಂಡದ್ದು ೧೯೫೯ರಲ್ಲಿ. ಹೊಸಬರು ಅದನ್ನು ಕಲಿಯುವುದು ವಿರಳವಾಯಿತು. ೨೦೨೦ರಲ್ಲಿ ಕೋವಿಡ್ಡಿನಿಂದ ಕೆಲಸ ಕಳಕೊಂಡವರ ಅರ್ಜಿಗಳು ರಾಶಿಬಿದ್ದಾಗ ಅಮೆರಿಕದ ನ್ಯೂಜೆರ್ಸಿಯ ಗವರ್ನರರು ಕೋಬಾಲ್ ಬಲ್ಲವರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. (ಕೇಳಿದ್ದು ಸ್ವಯಂಸೇವಕರನ್ನು! ಬೇಡಿಕೆಯಿದ್ದಲ್ಲೆಲ್ಲ ಹಣವಿರುತ್ತದೆಂದು ಭ್ರಮಿಸಬಾರದು.)

ಅಕ್ಷರವೊಂದನ್ನೇ ಕಲಿತರೆ ಹೊಟ್ಟೆ ತುಂಬದು. ಮೋಡಿಯಲ್ಲಿ ಪದಪದಗಳ ನಡುವೆ ತೆರಪಿಲ್ಲ. ಪಾರಸಿ ಮಾತುಗಳು ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ಪೇಶ್ವೆಯರ ಕಾಲದ ಕಾಗದಗಳಲ್ಲಿ ಇಸವಿಯನ್ನು ಶುಹೂರ ಸನದ ಅರಬ್ಬಿ ಸಂಖ್ಯಾಪದಗಳಲ್ಲಿ ಬರೆದಿರುತ್ತಾರೆ. ಇಲ್ಲಿ ನಮಗೊಂದು ಅನುಕೂಲವುಂಟು. ವಿಜಾಪುರದ ಪೇಟೆಯಲ್ಲಿ ತಿರುಗುವವನ ಕಿವಿಗೆ ಕನ್ನಡ, ಮರಾಠಿ, ಉರ್ದು ಮೂರೂ ಬಿದ್ದಿರುತ್ತವೆ. ನಾವು ಹೊಲಮನೆಯ ಮಕ್ಕಳಾದುದರಿಂದ ಖರೇದಿ, ಗಹಾಣ, ವತನಗಳೆಂದರೇನೆಂದು ಯಾರೂ ವಿವರಿಸಬೇಕಿಲ್ಲ. ನಮ್ಮ ಇತಿಹಾಸದ ತರಗತಿಗಳಲ್ಲಿ ವಾರಕ್ಕೊಂದು ತಾಸು ಮೋಡಿ ಕಲಿಸುವಂತಾದರೆ ಎಷ್ಟು ಚೆನ್ನ! ಅಧ್ಯಾಪಕರು ಇದನ್ನು ಯೋಚಿಸಬೇಕು.

ಈ ಕೆಲಸಕ್ಕೆ ಜಾಹೀರಾತಿನ ದಾರಿ ಕಾಯಬಾರದು. ವಕೀಲರ ಕಚೇರಿಗೆ, ಸಂಶೋಧಕರ ಬಳಿಗೆ ನಾವೇ ಹೋಗಿ ಒಂದು ಪುಟ ಓದಿ ತೋರಿಸಬೇಕು. ಒಂದು ತಿಂಗಳು ನಾಲ್ಕು ಕಾಗದ ಬಂದಾವು, ಮರುತಿಂಗಳು ಒಂದೂ ಬಾರದು. ಆದ್ದರಿಂದ ಹೊಲವನ್ನೋ ಮಕ್ಕಳ ಪಾಠವನ್ನೋ ಬಿಡಬಾರದು. ಪುಟಕ್ಕೆ ಇಷ್ಟೆಂದು ಮೊದಲೇ ಮಾತಾಡಿಕೊಳ್ಳಬೇಕು. ಓದಲಾಗದ ಪದವಿದ್ದಲ್ಲಿ ಚುಕ್ಕಿಯಿಟ್ಟು ಬಿಡಬೇಕು. ಊಹಿಸಿ ತುಂಬಿದ ಒಂದು ಹೆಸರಿನಿಂದ ಅಣ್ಣತಮ್ಮಂದಿರ ನಡುವಿನ ಬಾಂದುಗಲ್ಲು ಸರಿದೀತು.